ಲಾಳಿಯಿಂದ ಲಾಡಿಯವರೆಗೆ

ಇಂದಿನ ಹುಡುಗ ಹುಡುಗಿಯರು ತೊಡುವ ದೊಗಳೆ ಪ್ಯಾಂಟನ್ನು ಕಂಡು ಅನೇಕ ಅಜ್ಜ ಅಜ್ಜಿಯರು ಹುಬ್ಬು ಗಂಟಿಕ್ಕುತ್ತಾರೆ. ಸ್ವಲ್ಪ ತಾಳಿ! ಸೊಂಟಕ್ಕೆ ಲಾಡಿ, ಕಾಲಿಗೆ ಗಾಳಿಯಾಡುವಷ್ಟು ಸಡಿಲ. ಇದು ನಮ್ಮ ಹಳೆಯ ಪೈಜಾಮವೇ ಅಲ್ಲವೆ?

ಪರ್ಷಿಯನ್ ಭಾಷೆಯಲ್ಲಿ ‘ಪಾಯ್’ ಎಂದರೆ ಕಾಲು, ‘ಜಾಮಾ’ ಎಂದರೆ ಉಡುಪು. ಭಾರತಕ್ಕೆ ಬಂದ ಇಂಗ್ಲಿಷರು ಈ ಉಡುಪನ್ನು ಮೆಚ್ಚಿ, ಹೆಸರಿನ ಸಮೇತ ತಮ್ಮ ದೇಶಕ್ಕೆ ಒಯ್ದು ರಾತ್ರಿ ತೊಡಲು ಇಟ್ಟುಕೊಂಡರು. ಪಂಜಾಬಿನ ನೆರಿಗೆ ತುಂಬಿದ ಪಟಿಯಾಲ ಸಲ್ವಾರ್ ಕೂಡ ಇದೇ ಬಳಗದ್ದು. ಈಗ ಭಾರತದ ಮತ್ತು ನೆರೆಯ ದೇಶಗಳ ಯುವ ವಿನ್ಯಾಸಕರು ಇಂಥದ್ದನ್ನೇ ಕೈಮಗ್ಗದ ಬಟ್ಟೆಯಲ್ಲಿ ಹೊಲಿಸಿ, ಜೇಬು ಇಡಿಸಿ, ಹೊಸ ಫ್ಯಾಷನ್ ಎಂದು ಮಾರುತ್ತಿದ್ದಾರೆ.

“ಇಷ್ಟೊಂದು ಬೆಲೆಯೇ?” ಎನ್ನುವವರು ಮಗ್ಗದ ಕಡೆಗೂ ಒಮ್ಮೆ ನೋಡಬೇಕು. ಮಕ್ಕಳೇ, ಬಟ್ಟೆಯಲ್ಲಿ ಉದ್ದಕ್ಕೆ ಎಳೆದ ನೂಲು ಹಾಸು, ಅಡ್ಡಕ್ಕೆ ಹೋಗುವ ನೂಲು ಹೊಕ್ಕು. ‘ಹಾಸುಹೊಕ್ಕು’ ಎಂಬ ಮಾತು ಹುಟ್ಟಿದ್ದೇ ಇಲ್ಲಿ. ಮೊದಲು ಹಾಸು ಹೂಡಿ ಗಂಜಿ ಕೊಡಬೇಕು, ಕಂಡಿಕೆ ಸುತ್ತಬೇಕು. ಆಮೇಲೆ ಒಂದೊಂದು ಎಳೆಗೂ ಲಾಳಿ ಆ ಕಡೆಯಿಂದ ಈ ಕಡೆಗೆ ಓಡಬೇಕು. ಸಾದಾ ಬಟ್ಟೆಯಾದರೂ ದಿನವಿಡೀ ನೇಯ್ದರೆ ಸಿಗುವುದು ಕೆಲವೇ ಮೀಟರ್. ದೊಡ್ಡವರ ದೊಗಳೆ ಪ್ಯಾಂಟಿಗೇ ಎರಡೂವರೆ ಮೀಟರ್ ಬೇಕು. ಅಂದರೆ ಅದರೊಳಗೆ ಒಬ್ಬರ ದಿನದ ದುಡಿಮೆಯ ದೊಡ್ಡ ಪಾಲು ಇರುತ್ತದೆ.

2019-20ರ ಕೈಮಗ್ಗ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 35 ಲಕ್ಷ ಮಂದಿ ಈ ಕಸುಬಿನಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ ಇಂಥ ಮಹಿಳೆಯರದೇ ಸಹಕಾರ ಸಂಘ. ಅಲ್ಲಿ ಅಡಿಕೆ ಚೊಗರು, ದಾಳಿಂಬೆ ಸಿಪ್ಪೆಗಳಿಂದ ನೂಲಿಗೆ ಬಣ್ಣ ಕಟ್ಟುತ್ತಾರೆ. ಕೊಳ್ಳುವವರು ಕಡಿಮೆಯಾದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತ ಮನೆಯ ಮಕ್ಕಳು ಆ ವಿದ್ಯೆ ಕಲಿಯುವುದಿಲ್ಲ.

ಬ್ಯಾಂಕಿನಲ್ಲಿ ಲೆಕ್ಕ ಬರೆದವನಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. 600 ರೂಪಾಯಿಯ ಪ್ಯಾಂಟು 50 ಸಲ ತೊಡುವಷ್ಟರಲ್ಲಿ ಹರಿಯಿತು ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ 12 ರೂಪಾಯಿ ಬಿತ್ತು. 1,800 ರೂಪಾಯಿಯದನ್ನು ವಾರಕ್ಕೆ ಎರಡು ಸಲದಂತೆ ಮೂರು ವರ್ಷ ತೊಟ್ಟರೆ? 312 ಸಲ, ಒಂದು ಸಲಕ್ಕೆ 6 ರೂಪಾಯಿಯೂ ಆಗುವುದಿಲ್ಲ. ಆದರೆ ಕೊಂಡದ್ದನ್ನು ಬೀರುವಿನಲ್ಲಿಟ್ಟು ಮರೆತರೆ ಈ ಲೆಕ್ಕ ತಪ್ಪುತ್ತದೆ!

ಬೆಳೆಯುವ ಮಕ್ಕಳಿಗಂತೂ ಇದು ಅನುಕೂಲದ ಉಡುಪು. ಸೊಂಟ ದಪ್ಪವಾದರೆ ಲಾಡಿ ಸಡಿಲಿಸಬಹುದು. ಕೆಳಗೆ ನಾಲ್ಕು ಬೆರಳಗಲ ಬಟ್ಟೆ ಮಡಿಸಿ ಹೊಲಿಸಿದ್ದರೆ, ಎತ್ತರ ಬೆಳೆದಾಗ ಬಿಚ್ಚಿ ಉದ್ದ ಮಾಡಬಹುದು. ಈ ಉಪಾಯ ಅಜ್ಜಿಯರಿಗೆ ಚೆನ್ನಾಗಿ ಗೊತ್ತು, ಕೇಳಿ ನೋಡಿ.

ಕೊಳ್ಳುವಾಗ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಇದೆಯೇ ನೋಡಿ. ಕೇಂದ್ರ ಸರ್ಕಾರ ಅದನ್ನು 2006ರಲ್ಲಿ ಜಾರಿಗೆ ತಂದಿತು. ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆಯಾಗಿ. ಒಣಗಿಸುವುದು ನೆರಳಿನಲ್ಲಿ. ಹರಿದರೆ ಎಸೆಯಬೇಡಿ, ಸೂಜಿ ದಾರ ಮನೆಯಲ್ಲೇ ಇದೆಯಲ್ಲ!