ವಿದೇಶಿ ವಿಶ್ವವಿದ್ಯಾಲಯ ಪ್ರವೇಶ: ಸಾಧ್ಯತೆಯನ್ನು ಅಳೆಯುವುದು ಹೇಗೆ?

ಶೇಂಗಾ ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಉದ್ಯಮಿಯಾಗಲಿ, ರೇಷ್ಮೆ ಸೀರೆಗೆ ಖ್ಯಾತವಾದ ಮೊಳಕಾಲ್ಮೂರಿನ ವರ್ತಕರಾಗಲಿ, ಸಾಲ ಕೊಡುವ ಮುನ್ನ ಎದುರಿನವರ ಶಕ್ತಿಯನ್ನು ಅಳೆದೇ ಅಳೆಯುತ್ತಾರೆ. ಆದರೆ ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಯಲ್ಲಿ ಓದುವ ಮಗ ಅಥವಾ ಮಗಳನ್ನು ವಿದೇಶಕ್ಕೆ ಕಳುಹಿಸುವ ಪ್ರಶ್ನೆ ಬಂದಾಗ, ಸಲಹೆಗಾರರು ಹೇಳಿದ ‘ಒಳ್ಳೆಯ ಅವಕಾಶವಿದೆ’ ಎಂಬ ಒಂದು ಮಾತನ್ನೇ ನಂಬಿ ಗಿರಣಿಯ ನಿವೇಶನವನ್ನು ಅಡಮಾನವಿಡಲು ಸಿದ್ಧರಾಗುವುದುಂಟು. ಈ ‘ಅವಕಾಶ’ಕ್ಕೂ ಲೆಕ್ಕವಿದೆ. ಅದನ್ನು ಹಾಕಿ ನೋಡುವುದು ಕುಟುಂಬದ ಹಿತಕ್ಕೂ ವ್ಯವಹಾರದ ಹಿತಕ್ಕೂ ಅಗತ್ಯ.

ಸರಾಸರಿಯ ಭ್ರಮೆ

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ (ಎಂ.ಐ.ಟಿ.) 2024ರ ಪ್ರವೇಶಕ್ಕಾಗಿ 28 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಆಯ್ಕೆಯಾದವರು ಸುಮಾರು 1,280 ಮಂದಿ, ಅಂದರೆ ಶೇ. 4.5. ಆದರೆ ಇದು ಎಲ್ಲ ಅಭ್ಯರ್ಥಿಗಳ ಸರಾಸರಿ. ಅಲ್ಲಿನ ಪದವಿ ತರಗತಿಗಳಲ್ಲಿ ವಿದೇಶಿಯರು ಸುಮಾರು ಹತ್ತನೇ ಒಂದು ಭಾಗದಷ್ಟಿದ್ದು, ಅರ್ಜಿದಾರರಲ್ಲಿ ಅವರ ಪಾಲು ಅದಕ್ಕಿಂತ ಬಹಳ ಹೆಚ್ಚು. ಹೀಗಾಗಿ ಭಾರತೀಯ ವಿದ್ಯಾರ್ಥಿಯು ಪ್ರಕಟಿತ ಸರಾಸರಿಯನ್ನು ತನ್ನದೆಂದು ಭಾವಿಸಬಾರದು.

ಆರು ಹೊಲ, ಒಂದೇ ಮಳೆ

‘ಒಂದರಲ್ಲಿ ಶೇ. 4 ಇದ್ದರೆ ಆರು ಕಡೆ ಅರ್ಜಿ ಹಾಕಿದಾಗ ಶೇ. 24 ಆಗುತ್ತದೆ’ ಎಂಬುದು ಸಾಮಾನ್ಯ ತರ್ಕ. ಪ್ರತಿ ನಿರ್ಧಾರವೂ ಸಂಪೂರ್ಣ ಸ್ವತಂತ್ರವಾಗಿದ್ದರೂ ಗಣಿತದ ಪ್ರಕಾರ ಅದು ಶೇ. 21.7 ಮಾತ್ರ. ವಾಸ್ತವದಲ್ಲಿ ನಿರ್ಧಾರಗಳು ಸ್ವತಂತ್ರವೂ ಅಲ್ಲ. ಆರೂ ಕಡೆಗೆ ಹೋಗುವುದು ಅದೇ ಅಂಕಪಟ್ಟಿ, ಅದೇ ಶಿಕ್ಷಕರ ಶಿಫಾರಸು. ಒಂದೇ ಊರಿನ ಆರು ಹೊಲಗಳಲ್ಲಿ ಶೇಂಗಾ ಬಿತ್ತಿದ ಮಾತ್ರಕ್ಕೆ ನಷ್ಟದ ಭಯ ಆರು ಪಾಲಾಗುವುದಿಲ್ಲ. ಮಳೆ ಕೈಕೊಟ್ಟರೆ ಆರೂ ಒಣಗುತ್ತವೆ ಎಂಬುದನ್ನು ಚಳ್ಳಕೆರೆ ಸೀಮೆಯವರಿಗೆ ವಿವರಿಸಬೇಕಿಲ್ಲ. ಆದ್ದರಿಂದ ಅರ್ಜಿಗಳ ಸಂಖ್ಯೆಗಿಂತ ಅವುಗಳ ಶ್ರೇಣಿ ಮುಖ್ಯ. ಕಠಿಣವಾದವು ಎರಡು, ವಿದ್ಯಾರ್ಥಿಯ ಮಟ್ಟಕ್ಕೆ ಸರಿಹೊಂದುವವು ಮೂರು, ಬಹುತೇಕ ಖಚಿತವಾದವು ಎರಡು ಎಂಬ ಹಂಚಿಕೆ ವಿವೇಕಯುತ.

ಅಂಕಗಳ ಪರಿಶೀಲನೆ

ಐ.ಬಿ. ಡಿಪ್ಲೊಮಾದ ಗರಿಷ್ಠ ಅಂಕ 45. ಕೇಂಬ್ರಿಜ್ ಸಾಮಾನ್ಯವಾಗಿ 41–42 ಅಂಕಗಳನ್ನೂ, ಉನ್ನತ ಹಂತದ ಮೂರು ವಿಷಯಗಳಲ್ಲಿ 7, 7, 6 ಅಂಕಗಳನ್ನೂ ಅಪೇಕ್ಷಿಸುತ್ತದೆ. ಅರ್ಜಿಯ ವೇಳೆಗೆ ಅಂತಿಮ ಫಲಿತಾಂಶ ಬಂದಿರುವುದಿಲ್ಲ. ಶಾಲೆ ನೀಡುವ ನಿರೀಕ್ಷಿತ ಅಂಕಗಳೇ ಆಧಾರ. ಅಂತಿಮ ಫಲಿತಾಂಶದಲ್ಲಿ ಷರತ್ತು ಪೂರೈಸದಿದ್ದರೆ ದೊರೆತ ಸೀಟೂ ಕೈತಪ್ಪಬಹುದು. ಹಿಂದಿನ ವರ್ಷಗಳಲ್ಲಿ ಶಾಲೆಯ ನಿರೀಕ್ಷೆಗೂ ಫಲಿತಾಂಶಕ್ಕೂ ಎಷ್ಟು ಅಂತರವಿತ್ತೆಂದು ಪೋಷಕರು ಕೇಳಿ ತಿಳಿಯಬೇಕು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಿಗೆ ಪದವಿ ಪ್ರವೇಶಕ್ಕಾಗಿ ಒಂದೇ ವರ್ಷ ಎರಡಕ್ಕೂ ಅರ್ಜಿ ಹಾಕುವಂತಿಲ್ಲ ಎಂಬುದೂ ನೆನಪಿರಲಿ.

ನೆರವಿನ ಪ್ರಶ್ನೆ

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ.ಯಂತಹ ಕೆಲವೇ ಸಂಸ್ಥೆಗಳು ವಿದೇಶಿ ಅಭ್ಯರ್ಥಿಯ ಆರ್ಥಿಕ ಸ್ಥಿತಿಯನ್ನು ಪರಿಗಣಿಸದೆ ಆಯ್ಕೆ ಮಾಡುತ್ತವೆ. ಸ್ಟ್ಯಾನ್‌ಫರ್ಡ್ ಸೇರಿದಂತೆ ಬಹುಪಾಲು ಕಡೆ ವಿದೇಶಿ ಅಭ್ಯರ್ಥಿಯು ನೆರವು ಕೋರಿದರೆ ಪೈಪೋಟಿ ಇನ್ನಷ್ಟು ಬಿಗಿಯಾಗುತ್ತದೆ. ಹಾಗೆಂದು ನೆರವು ಬೇಡವೆಂದು ಬರೆದು ಸೀಟು ಪಡೆದರೆ, ಮುಂದೆ ಕೇಳಲು ಹಲವೆಡೆ ಅವಕಾಶವಿಲ್ಲ.

ಅಮೆರಿಕದ ಪ್ರಮುಖ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಒಟ್ಟು ವಾರ್ಷಿಕ ವೆಚ್ಚ 80 ಸಾವಿರ ಡಾಲರ್ ಮೀರಿದೆ. ಡಾಲರಿಗೆ ರೂ. 85ರಂತೆ ಹಿಡಿದರೂ ನಾಲ್ಕು ವರ್ಷಕ್ಕೆ ರೂ. 2.72 ಕೋಟಿ. ಡಾಲರ್ ಒಂದು ರೂಪಾಯಿ ಏರಿದರೆ ಹೊರೆ ರೂ. 3.2 ಲಕ್ಷ ಹೆಚ್ಚುತ್ತದೆ. ಶುಲ್ಕದ ಕಂತು ಬರುವುದು ಆಗಸ್ಟ್ ಆಸುಪಾಸಿನಲ್ಲಿ. ಅದರ ಬೆನ್ನಿಗೇ ಶೇಂಗಾ ಖರೀದಿಯ ಹಂಗಾಮು. ದುಡಿಯುವ ಬಂಡವಾಳದಿಂದ ಶುಲ್ಕ ತೆತ್ತ ಗಿರಣಿಗೆ ದಾಸ್ತಾನು ಕೊಳ್ಳಲು ಹಣ ಉಳಿಯದು. ಶಿಕ್ಷಣ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಎಂಟು ವರ್ಷದವರೆಗೆ ಕಡಿತವಿರುವುದರಿಂದ, ಆ ಸಾಲವನ್ನು ವ್ಯಾಪಾರದ ಸಾಲದೊಡನೆ ಬೆರೆಸದಿರುವುದೇ ಲೇಸು.

ಸಮೀಪದ ದಾರಿ

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಎರಡನೆಯ ಆವರಣ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಬೆಂಗಳೂರಿನಲ್ಲಿ ನಾಲ್ಕು ವರ್ಷಗಳ ವಿಜ್ಞಾನ ಪದವಿ ಆರಂಭಿಸಿತು. ಅಲ್ಲಿ ಪ್ರಬಂಧವಾಗಲಿ ಶಿಫಾರಸಾಗಲಿ ನಡೆಯದು. ರಾಷ್ಟ್ರಮಟ್ಟದ ಪರೀಕ್ಷೆಯ ಸ್ಥಾನವೇ ಅಳತೆಗೋಲು. ಅಂತರರಾಷ್ಟ್ರೀಯ ಪಠ್ಯಕ್ರಮವಷ್ಟೇ ಆ ಪರೀಕ್ಷೆಗೆ ಸಾಲದು. ಈ ದಾರಿಯನ್ನೂ ತೆರೆದಿಡಬೇಕೆಂದರೆ ಹನ್ನೊಂದನೇ ತರಗತಿಯಲ್ಲೇ ವಿಷಯಗಳನ್ನು ಅದಕ್ಕೆ ತಕ್ಕಂತೆ ಆರಿಸಿ, ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ತತ್ಸಮಾನತೆಯ ನಿಯಮಗಳನ್ನು ತಿಳಿದಿರಬೇಕು.

ಪೋಷಕರು ಮೂರು ಅಂಶಗಳನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು: ಶಾಲೆಯ ನಿರೀಕ್ಷಿತ ಅಂಕ, ಪ್ರತಿ ವಿಶ್ವವಿದ್ಯಾಲಯದಲ್ಲಿ ವಿದೇಶಿಯರಿಗಿರುವ ಪ್ರವೇಶ ಪ್ರಮಾಣ, ನಾಲ್ಕು ವರ್ಷಗಳ ನಗದು ಅಗತ್ಯ. ಇವು ಕೈಯಲ್ಲಿಲ್ಲದೆ ಅಡಮಾನ ಪತ್ರಕ್ಕೆ ಸಹಿ ಹಾಕಬಾರದು. ಸೀಟು ಸಿಗದಿದ್ದರೆ ಮಗುವಿಗೆ ಬೇರೆ ಬಾಗಿಲುಗಳಿವೆ. ಅಡವಿಟ್ಟ ಗಿರಣಿಯನ್ನು ಬಿಡಿಸಿಕೊಳ್ಳುವುದು ಅಷ್ಟು ಸುಲಭವಲ್ಲ.