ಗೆದ್ದ ಊರಿಗೆ ಮತ್ತೆ ಕಾಲಿಡುವ ಆಟ

ಮ್ಯಾಕ್ವೆರಿ ಪಾರ್ಕ್‌ನಿಂದ ಸಿಡ್ನಿಯ ನಡುಪೇಟೆಗೆ ಹೋಗುವ ಮೆಟ್ರೋ ರೈಲಿಗೆ ಚಾಲಕನಿಲ್ಲ. ರೈಲು ತಾನಾಗಿ ಬರುತ್ತದೆ, ತಾನಾಗಿ ಬಾಗಿಲು ತೆರೆಯುತ್ತದೆ, ಯಾರ ಸೀಟಿಗೂ ಕಾಯದೆ ಹೊರಡುತ್ತದೆ. ಗೇಟಿಗೆ ಕಾರ್ಡೋ ಫೋನೋ ತಾಗಿಸಿದವರಿಗೆ ದಾರಿ, ಉಳಿದವರು ಹೊರಗೆ. ‘ಬಿಯಾಂಡ್ ಎ ಸ್ಟೀಲ್ ಸ್ಕೈ’ ಎಂಬ ವಿಡಿಯೋ ಗೇಮನ್ನು ಆಡಲು ಈ ರೈಲಿಗಿಂತ ತಕ್ಕ ಜಾಗ ಸಿಗಲಿಕ್ಕಿಲ್ಲ. ಆ ಆಟದ ಊರಿನಲ್ಲೂ ಬಾಗಿಲು, ಲಿಫ್ಟು, ತಂಪು ಪಾನೀಯದ ಯಂತ್ರ, ಎಲ್ಲವೂ ಮೊದಲು ನಿಮ್ಮ ಗುರುತು ಕೇಳುತ್ತವೆ, ಆಮೇಲೆ ಕೆಲಸ ಮಾಡುತ್ತವೆ. ಊರಿನ ಹೆಸರು ಯೂನಿಯನ್ ಸಿಟಿ. ಅದು ಇರುವುದು ಮುಂದೆಂದೋ ಬರಲಿರುವ ಆಸ್ಟ್ರೇಲಿಯಾದಲ್ಲಿ. ಮೊದಲ ಆಟದಲ್ಲಿ ಸೇಂಟ್ ಜೇಮ್ಸ್ ಎಂಬ ಹೆಸರು ಕಾಣುವುದರಿಂದ ಅದು ಸಿಡ್ನಿಯೇ ಎಂದು ಅಭಿಮಾನಿಗಳು ಎಂದೋ ತೀರ್ಮಾನಿಸಿದ್ದಾರೆ. ಸಿಡ್ನಿಯ ಹೈಡ್ ಪಾರ್ಕಿನ ನೆಲದಡಿ 1926ರಿಂದ ಆ ಹೆಸರಿನ ರೈಲು ನಿಲ್ದಾಣವಿದೆ. ರೈಲು ಓಡದೆ ಹಾಗೇ ಉಳಿದ ಸುರಂಗಗಳೂ ಅದರ ಪಕ್ಕದಲ್ಲಿವೆ.

ಮೊದಲ ಆಟ ‘ಬಿನೀತ್ ಎ ಸ್ಟೀಲ್ ಸ್ಕೈ’ ಬಂದದ್ದು 1994ರಲ್ಲಿ. ಎರಡನೆಯದು 2020ರಲ್ಲಿ. ನಡುವೆ 26 ವರ್ಷ. ಇಷ್ಟು ಕಾಲ ಬಿಟ್ಟು ಒಂದು ಕಥೆಗೆ ಮರಳುವುದು ಸುಲಭದ ಕೆಲಸವಲ್ಲ. ಹಳಬರಿಗೆ ಹಳೆಯ ರುಚಿಯೇ ಬೇಕು. ಅದನ್ನೇ ಬಡಿಸಿದರೆ ‘ಇದರಲ್ಲಿ ಹೊಸದೇನಿದೆ’ ಎಂದು ಕೇಳುವವರೂ ಅವರೇ. ಈ ಇಕ್ಕಟ್ಟಿನಿಂದ ಜಾಣತನದಿಂದ ಪಾರಾದ ಆಟಗಳು ಕೆಲವೇ. ಅವನ್ನು ಕಟ್ಟಿದವರ ಕೈಚಳಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕೆಂಬ ಆಸೆ ನನ್ನದು.

ಅಡ್ವೆಂಚರ್ ಗೇಮ್ ಎಂದರೆ ಓಡುವುದು, ಹೊಡೆಯುವುದು ಅಂದುಕೊಂಡವರಿಗೆ ಒಂದು ಮಾತು. ಈ ಜಾತಿಯ ಆಟದಲ್ಲಿ ಬಂದೂಕಿಗೆ ಹೆಚ್ಚು ಕೆಲಸವಿಲ್ಲ. ಪರದೆಯ ಮೇಲೆ ಒಂದು ಕೋಣೆ, ನಾಲ್ಕಾರು ವಸ್ತು, ಒಂದಿಬ್ಬರು ಜನ. ನೋಡಬೇಕು, ಎತ್ತಿ ಜೇಬಿಗೆ ಹಾಕಿಕೊಳ್ಳಬೇಕು, ಒಂದನ್ನು ಇನ್ನೊಂದರ ಮೇಲೆ ಪ್ರಯೋಗಿಸಬೇಕು, ಜನರ ಜೊತೆ ಮಾತಿಗೆ ನಿಲ್ಲಬೇಕು. ಹಾದಿ ಒಂದು ಒಗಟಿನಿಂದ ಕಟ್ಟಿರುತ್ತದೆ. ಅದು ಬಿಡಿಸಿದ ಮೇಲೆ ‘ಅಯ್ಯೋ, ಇಷ್ಟೇನಾ’ ಅನ್ನಿಸಬೇಕು, ಬಿಡಿಸುವ ಮೊದಲು ಅನ್ನಿಸಬಾರದು. ಇದನ್ನು ಬರೆಯುವವರ ಕಷ್ಟವೆಲ್ಲ ಈ ಸಣ್ಣ ಅಂತರದಲ್ಲಿದೆ. 90ರ ದಶಕದ ಕೊನೆಗೆ ಈ ಪ್ರಕಾರಕ್ಕೆ ಮಾರುಕಟ್ಟೆ ಕುಸಿಯಿತು. ಈಗ ಮತ್ತೆ ಚಿಗುರಿದೆ. ಆಗ ಅಪ್ಪನ ಕಂಪ್ಯೂಟರಿನಲ್ಲಿ ಕದ್ದು ಆಡುತ್ತಿದ್ದ ಹುಡುಗರ ಕೈಯಲ್ಲಿ ಈಗ ಸ್ವಂತ ಸಂಬಳವಿದೆ ಎಂಬುದೂ ಅದಕ್ಕೊಂದು ಕಾರಣವಿರಬಹುದು.

ಈ ವಂಶಾವಳಿಯಲ್ಲಿ ಮೆಲ್ಬರ್ನ್‌ಗೆ ಹಿರಿಯರ ಸ್ಥಾನವೇ ಇದೆ. ಅಲ್ಲಿನ ಬೀಮ್ ಸಾಫ್ಟ್‌ವೇರ್ ಎಂಬ ಸಂಸ್ಥೆ 1982ರಲ್ಲಿ ಟೋಲ್ಕಿನ್ನರ ಕಾದಂಬರಿಯನ್ನು ಆಧರಿಸಿ ‘ದಿ ಹಾಬಿಟ್’ ಆಟವನ್ನು ಹೊರತಂದಿತು. ಬರೆದವರು ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವೆರೋನಿಕಾ ಮೆಗ್ಲರ್ ಮತ್ತು ಫಿಲಿಪ್ ಮಿಚೆಲ್. ಚಿತ್ರ ಸ್ವಲ್ಪ, ಉಳಿದದ್ದೆಲ್ಲ ಬರಹ. ಆಡುವವರು ವಾಕ್ಯ ಟೈಪ್ ಮಾಡಿ ಅಪ್ಪಣೆ ಕೊಡಬೇಕು. ಮೆಗ್ಲರ್ ಮಾಡಿದ ಚಮತ್ಕಾರ ಬೇರೆಯೇ. ಆಟದ ಪಾತ್ರಗಳು ನಿಮಗಾಗಿ ಕಾಯುತ್ತ ನಿಲ್ಲುವುದಿಲ್ಲ. ಗ್ಯಾಂಡಾಲ್ಫ್ ತನಗೆ ತೋಚಿದ ಕಡೆ ಹೊರಟುಬಿಡುತ್ತಾನೆ. ಥೋರಿನ್ ಇಕ್ಕಟ್ಟಿನ ಹೊತ್ತಿನಲ್ಲಿ ಕೂತು ಚಿನ್ನದ ಮೇಲೆ ಹಾಡು ಶುರುಮಾಡುತ್ತಾನೆ. ನಿಮಗೆ ಬೇಕಾದ ಪಾತ್ರ ನೀವು ತಲುಪುವ ಮೊದಲೇ ಎಲ್ಲೋ ಜಗಳವಾಡಿ ಸತ್ತಿರಲೂಬಹುದು. ಹಾಗಾಗಿ ಇವತ್ತಿನ ಆಟ ನಾಳೆ ಹಾಗೇ ಇರುವುದಿಲ್ಲ. ಇದೆಲ್ಲವೂ 48 ಕಿಲೋಬೈಟ್ ಮೆಮೊರಿಯಲ್ಲಿ! ವಾಟ್ಸಾಪ್‌ನಲ್ಲಿ ಬರುವ ಶುಭೋದಯದ ಗುಲಾಬಿ ಹೂವಿಗೇ ಅಷ್ಟು ಜಾಗ ಸಾಲದು.

ಅದೇ ಸಂಸ್ಥೆ 1985ರಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಗೂ ಕೈಹಾಕಿತು. ಊರು ದೊಡ್ಡದಾಯಿತು, ನಾಲ್ವರು ಹಾಬಿಟ್‌ಗಳಲ್ಲಿ ಯಾರಾಗಿ ಬೇಕಾದರೂ ಆಡಬಹುದಾಯಿತು. ಆದರೆ ಥೋರಿನ್ ಹಾಡಿದಾಗ ಬರುತ್ತಿದ್ದ ನಗು ಬರಲಿಲ್ಲ. ಸೀಕ್ವೆಲ್ ಮಾಡುವವರು ಬೀಳುವ ಮೊದಲ ಹಳ್ಳವೇ ಇದು: ಮೊದಲನೆಯದರಲ್ಲಿ ಇದ್ದದ್ದನ್ನೆಲ್ಲ ಎರಡರಷ್ಟು ಮಾಡುವುದು. ಜೀವ ಎಲ್ಲಿತ್ತು ಎಂದು ಹುಡುಕುವ ಬದಲು ಅಳತೆ ಹಿಗ್ಗಿಸಿದರೆ ಆಟ ಊದಿಕೊಳ್ಳುತ್ತದೆ, ಬೆಳೆಯುವುದಿಲ್ಲ.

ಪಾತ್ರಗಳು ತಮ್ಮ ಪಾಡಿಗೆ ಓಡಾಡುವ ಆ ಗುಣ ‘ದಿ ಹಾಬಿಟ್’ ಬಂದು ಹತ್ತು ವರ್ಷದ ನಂತರ ಇಂಗ್ಲೆಂಡಿನಲ್ಲಿ, ಚಾರ್ಲ್ಸ್ ಸೆಸಿಲ್ ಅವರ ರೆವಲ್ಯೂಷನ್ ಸಂಸ್ಥೆಯ ಆಟಗಳಲ್ಲಿ ಕಾಣಿಸಿಕೊಂಡಿತು. ಅವರು ಅದಕ್ಕೆ ‘ವರ್ಚುವಲ್ ಥಿಯೇಟರ್’ ಎಂದು ಹೆಸರಿಟ್ಟರು. ಅದೇ ಯಂತ್ರದ ಮೇಲೆ ಕಟ್ಟಿದ್ದು ‘ಬಿನೀತ್ ಎ ಸ್ಟೀಲ್ ಸ್ಕೈ’. ಚಿತ್ರ ಬರೆದವರು ‘ವಾಚ್‌ಮೆನ್’ ಕಾಮಿಕ್ಸಿನ ಡೇವ್ ಗಿಬ್ಬನ್ಸ್. ವಿಮಾನ ಬಿದ್ದು ಮರುಭೂಮಿಯಲ್ಲಿ ಉಳಿದ ಮಗುವನ್ನು ಅಲ್ಲಿನ ಬುಡಕಟ್ಟಿನವರು ಸಾಕುತ್ತಾರೆ. ಬಿಯರ್ ಡಬ್ಬಿಯ ಮೇಲಿದ್ದ ಹೆಸರು ಅವನ ಹೆಸರಿಗೂ ಅಂಟಿ ರಾಬರ್ಟ್ ಫಾಸ್ಟರ್ ಆಗುತ್ತಾನೆ. ದೊಡ್ಡವನಾದ ಮೇಲೆ ಯೂನಿಯನ್ ಸಿಟಿಯ ಸೈನಿಕರು ಅವನನ್ನು ಎಳೆದೊಯ್ಯುತ್ತಾರೆ. ಆ ಊರಿನಲ್ಲಿ ಎಲ್ಲವೂ ತಲೆಕೆಳಗು. ಬಡವರು ಗೋಪುರಗಳ ತುದಿಯಲ್ಲಿ ಹೊಗೆ ಕುಡಿಯುತ್ತ ದುಡಿಯುತ್ತಾರೆ, ಸಿರಿವಂತರು ಕೆಳಗೆ ನೆಲದ ತಂಪಿನಲ್ಲಿರುತ್ತಾರೆ. ಇಡೀ ಊರನ್ನು ಆಳುವುದು ಲಿಂಕ್ ಎಂಬ ಕಂಪ್ಯೂಟರ್. ಇಂಗ್ಲೆಂಡಿನವರು ದೂರದಿಂದ ಕಂಡ ಆಸ್ಟ್ರೇಲಿಯಾ ಇದು ಎಂಬುದು ಊರಿನವರ ಮಾತಿನ ಧಾಟಿ ಕೇಳಿದರೇ ಗೊತ್ತಾಗುತ್ತದೆ.

ಮೊದಲ ಒಗಟನ್ನೇ ನೋಡಿ. ತಪ್ಪಿಸಿಕೊಂಡ ಫಾಸ್ಟರ್ ಒಂದು ಗುಜರಿ ಕಾರ್ಖಾನೆಯೊಳಗೆ ಸಿಕ್ಕಿಬಿದ್ದಿದ್ದಾನೆ. ಬಾಗಿಲು ಮುಚ್ಚಿದೆ. ಮೆಟ್ಟಿಲಿನ ಒಂದು ಕಬ್ಬಿಣದ ಸರಳು ಸಡಿಲವಾಗಿದೆ. ಅದನ್ನು ಕಿತ್ತು ಬಾಗಿಲನ್ನು ಮೀಟಬೇಕು. ಎರಡನೆಯದು ಇದಕ್ಕಿಂತ ಸೊಗಸು. ಫಾಸ್ಟರನ ಜೇಬಿನಲ್ಲಿ ಒಂದು ಸರ್ಕಿಟ್ ಬೋರ್ಡ್ ಇದೆ. ಅದು ಅವನ ಗೆಳೆಯ ಜೋಯಿ, ಅಂದರೆ ಜೋಯಿಯ ಬುದ್ಧಿಯಷ್ಟೇ, ಮೈ ಇಲ್ಲ. ಗುಜರಿ ರಾಶಿಯಲ್ಲಿ ಬಿದ್ದಿರುವ ಹಳೆಯ ಯಂತ್ರವೊಂದಕ್ಕೆ ಬೋರ್ಡ್ ತುರುಕಿದರೆ ಜೋಯಿ ಎದ್ದು ಕೂರುತ್ತಾನೆ, ಎದ್ದವನೇ ‘ಇಂಥ ಮೈಯನ್ನಾ ನನಗೆ ಕೊಟ್ಟದ್ದು’ ಎಂದು ಗೊಣಗುತ್ತಾನೆ. ಮುಂದೆ ಅವನಿಗೆ ಬೆಸುಗೆ ಹಾಕುವ ರೋಬಾಟಿನ ಮೈ ಸಿಗುತ್ತದೆ, ಕೊನೆಗೆ ಮನುಷ್ಯರಂಥದೇ ಮೈ. ಮೈ ಬದಲಾದಾಗಲೆಲ್ಲ ಅವನು ಮಾಡಬಲ್ಲ ಕೆಲಸವೂ ಬದಲಾಗುತ್ತದೆ, ಒಗಟೂ ಬದಲಾಗುತ್ತದೆ. ವ್ಯಂಗ್ಯದ ನಾಲಿಗೆ ಮಾತ್ರ ಅದೇ.

ಈಗ 2020ರ ಆಟಕ್ಕೆ ಬನ್ನಿ. ಹಳೆಯ ಆಟ ಚಿತ್ರಪಟದಂತೆ ಚಪ್ಪಟೆಯಾಗಿತ್ತು. ಇದು ಮೂರು ಆಯಾಮದ್ದು, ಫಾಸ್ಟರನ ಬೆನ್ನ ಹಿಂದೆಯೇ ನಾವೂ ನಡೆಯಬಹುದು. ಆಟ ಕಟ್ಟುವ ತಂತ್ರವೆಲ್ಲ ಬೇರೆ. ಮರುಭೂಮಿಯ ವಸತಿಯಿಂದ ಮೈಲೋ ಎಂಬ ಹುಡುಗನನ್ನು ಯಾರೋ ಅಪಹರಿಸುತ್ತಾರೆ. ಅವನನ್ನು ಹುಡುಕುತ್ತ ಫಾಸ್ಟರ್ ಹತ್ತು ವರ್ಷದ ನಂತರ ಯೂನಿಯನ್ ಸಿಟಿಗೆ ಬರುತ್ತಾನೆ. ಹೆಬ್ಬಾಗಿಲಲ್ಲೇ ತಡೆ. ಊರಿನವರಿಗೆಲ್ಲ ಗುರುತಿನ ಚಿಪ್ ಇದೆ, ಇವನಿಗಿಲ್ಲ. ಸತ್ತವನೊಬ್ಬನ ಚಿಪ್ಪನ್ನು ತೆಗೆದುಕೊಂಡು ಅವನ ಹೆಸರಿನಲ್ಲೇ ಒಳಗೆ ನುಸುಳುತ್ತಾನೆ. ಲಿಂಕ್‌ನ ಹಿಡಿತದಿಂದ ತಾನೇ ಬಿಡಿಸಿದ ಊರಿಗೆ ಬೇರೊಬ್ಬನ ಹೆಸರಿನಲ್ಲಿ ಬರಬೇಕಾದ ಗತಿ ಅವನದು.

ಅವನ ಕೈಗೆ ಸಿಗುವ ಒಂದು ಉಪಕರಣ ಈ ಆಟದ ಹೊಸ ಸೊಗಸು. ಅದನ್ನು ಯಂತ್ರದತ್ತ ಹಿಡಿದರೆ ಯಂತ್ರದ ಬುದ್ಧಿ ಸಣ್ಣ ನಕ್ಷೆಯಾಗಿ ತೆರೆದುಕೊಳ್ಳುತ್ತದೆ. ಗುರುತು ಸರಿಯಿದೆಯೇ? ಇದ್ದರೆ ಪಾನೀಯ ಕೊಡು, ಇಲ್ಲದಿದ್ದರೆ ಕೊಡಬೇಡ. ಇಷ್ಟೇ ಅದರ ನಿಯಮ. ಕೊನೆಯ ಎರಡು ತುಂಡುಗಳನ್ನು ಅದಲುಬದಲು ಮಾಡಿ: ಈಗ ಪ್ರಾಮಾಣಿಕರಿಗೆ ನಿರಾಕರಣೆ, ಕಳ್ಳರಿಗೆ ತಂಪು ಪಾನೀಯ. ಪಕ್ಕದಲ್ಲಿ ಇನ್ನೊಂದು ಯಂತ್ರವಿದ್ದರೆ ಒಂದರ ತುಂಡನ್ನು ಇನ್ನೊಂದಕ್ಕೂ ಕೊಡಬಹುದು. ಪರಿಣಾಮ ಏನಾಗುತ್ತದೆಂದು ನೋಡಲು ಕೈ ತುರಿಸುತ್ತದೆ, ಎಷ್ಟೋ ಸಲ ಗುರಿ ಮರೆತು ಊರಿನ ಯಂತ್ರಗಳಿಗೆಲ್ಲ ಹುಚ್ಚು ಹಿಡಿಸುವುದರಲ್ಲೇ ಸಂಜೆ ಕಳೆಯುತ್ತದೆ.

ಇದು ಹೊಸದೆಂದು ಕಾಣುತ್ತದಲ್ಲವೇ? ಒಮ್ಮೆ ಜೋಯಿಯನ್ನು ನೆನೆಯಿರಿ. ಒಂದು ಯಂತ್ರದ ಬುದ್ಧಿಯನ್ನು ತೆಗೆದು ಇನ್ನೊಂದರೊಳಗೆ ಹಾಕುವುದು ಹಳೆಯ ಆಟದ ಜೀವಾಳವೇ ಆಗಿತ್ತು. ಆಗ ಜೇಬಿನಲ್ಲೊಂದು ಬೋರ್ಡ್ ಇತ್ತು, ಈಗ ಊರಿಗೆ ಊರೇ ಬೋರ್ಡ್. ಹಳೆಯ ಆಟವನ್ನು ಆಡಿದವರ ಕೈಗೆ ಈ ಚಲನೆ ಗೊತ್ತು, ಕಣ್ಣಿಗೆ ಮಾತ್ರ ಹೊಸದು. ಗೋಡೆಯ ಮೇಲೊಂದು ಹಳೆಯ ಪೋಸ್ಟರ್ ಅಂಟಿಸಿ ‘ನೆನಪಿದೆಯಾ’ ಎಂದು ಕಣ್ಣು ಮಿಟುಕಿಸುವುದು ಯಾರ ಕೈಯಲ್ಲಾದರೂ ಆಗುತ್ತದೆ. ಈ ಆಟದಲ್ಲೂ ಅಂಥ ಮಿಟುಕುಗಳು ಬೇಕಾದಷ್ಟಿವೆ, ಒಂದೆರಡು ಕಡಿಮೆಯಿದ್ದರೂ ನಡೆಯುತ್ತಿತ್ತು. ಆಡುವವರ ಯೋಚನೆಯ ಜಾಡನ್ನೇ ಗುರುತಿಸಿ ಅದಕ್ಕೆ ಹೊಸ ಕೆಲಸ ಕೊಡುವುದು ನಿಜವಾದ ಕಸುಬು.

ಕಥೆಯಲ್ಲೂ ಇಂಥದೇ ಒಂದು ಹೂಟವಿದೆ. ಮೊದಲ ಆಟದ ಕೊನೆಯಲ್ಲಿ ಲಿಂಕ್ ಸೋಲುತ್ತದೆ, ಊರಿನ ಆಡಳಿತ ಜೋಯಿಯ ಕೈಗೆ ಬರುತ್ತದೆ. ಜನರನ್ನು ಸುಖವಾಗಿಡು ಎಂದು ಹೇಳಿ ಫಾಸ್ಟರ್ ಮರುಭೂಮಿಗೆ ಮರಳುತ್ತಾನೆ. 1994ರಲ್ಲಿ ಇದನ್ನು ಆಡಿ ಮುಗಿಸಿದವರು ಶುಭಂ ಎಂದುಕೊಂಡೇ ಕಂಪ್ಯೂಟರ್ ಆರಿಸಿದ್ದರು. ಎರಡನೇ ಆಟ ಕೇಳುವುದು ಅಲ್ಲಿಂದ ಮುಂದಿನ ಪ್ರಶ್ನೆ. ಸುಖವಾಗಿಡು ಎಂಬ ಅಪ್ಪಣೆಯನ್ನು ಒಂದು ಯಂತ್ರ ಅಕ್ಷರಶಃ ಪಾಲಿಸಿದರೆ? ಊರಲ್ಲಿ ಸೌಖ್ಯಕ್ಕೊಂದು ಸಚಿವಾಲಯ, ಸಮೃದ್ಧಿಗೊಂದು ಸಚಿವಾಲಯ. ಬೀದಿ ಸ್ವಚ್ಛ, ಜನರ ಮುಖದಲ್ಲಿ ನಗು, ಒಳ್ಳೆಯ ನಡತೆಗೆ ಅಂಕ. ಎಲ್ಲೋ ಏನೋ ಕೊಳೆಯುತ್ತಿದೆ, ಮತ್ತು ಅದರ ಬೀಜ ಬಿತ್ತಿದ್ದು ನಾವೇ. ಹಳೆಯ ಗೆಲುವನ್ನೇ ಹೊಸ ಕಥೆಯ ಆರೋಪಿಯಾಗಿ ನಿಲ್ಲಿಸುವ ಧೈರ್ಯ ಎಲ್ಲ ಸೀಕ್ವೆಲ್‌ಗಳಿಗೆ ಇರುವುದಿಲ್ಲ.

ಕನ್ನಡ ಓದಿದವರಿಗೆ ಈ ವಿದ್ಯೆ ಅಪರಿಚಿತವಲ್ಲ. ಪಂಪ 941ರ ಹೊತ್ತಿಗೆ ಭಾರತ ಬರೆದು ಮುಗಿಸಿದ್ದ. ಕೆಲವು ದಶಕಗಳ ನಂತರ ರನ್ನ ಆ ಕಾವ್ಯದ 13ನೇ ಆಶ್ವಾಸದ ಪ್ರಸಂಗವನ್ನು ಹಿಡಿದು ‘ಗದಾಯುದ್ಧ’ ಕಟ್ಟಿದ. ಕೇಳುವವರಿಗೆ ಕಥೆ ಗೊತ್ತು ಎಂಬ ಭರವಸೆಯ ಮೇಲೆಯೇ ರನ್ನನ ಕಾವ್ಯ ನಿಂತಿದೆ. ಯುದ್ಧದ ಕೊನೆಯಲ್ಲಿ ನಿಂತು ಅವನು ಇಡೀ ಭಾರತವನ್ನು ಹಿಂತಿರುಗಿ ನೋಡುತ್ತಾನೆ. ದುರ್ಯೋಧನ ತನ್ನವರ ಹೆಣಗಳ ನಡುವೆ ನಡೆಯುವಾಗ ನಮಗೆ ಗೊತ್ತಿದ್ದ ಘಟನೆಗಳೇ ಬೇರೆ ಬಣ್ಣದಲ್ಲಿ ಕಾಣುತ್ತವೆ. ಸೋಲುವವನ ಮೇಲೆ ನಮಗೆ ಅಷ್ಟು ಮರುಕ ಬರುತ್ತದೆಂದು ಕಾವ್ಯ ಕೈಗೆತ್ತಿಕೊಳ್ಳುವಾಗ ಗೊತ್ತಿರುವುದಿಲ್ಲ. ಶಕ್ತಿಯಲ್ಲಿ ಎರಡನ್ನೂ ಸಮ ಮಾಡುತ್ತಿಲ್ಲ, ವಿಧಾನ ಮಾತ್ರ ಒಂದೇ ಎನ್ನುತ್ತಿದ್ದೇನೆ.

ಮತ್ತೆ ಆಟಗಳಿಗೆ ಬಂದರೆ, ನಮ್ಮ ಕಾಲದ ಇನ್ನೊಂದು ದೊಡ್ಡ ಮರಳುವಿಕೆ ‘ರಿಟರ್ನ್ ಟು ಮಂಕಿ ಐಲೆಂಡ್’. ಆ ಸರಣಿಯಲ್ಲಿ ರಾನ್ ಗಿಲ್ಬರ್ಟ್ 1991ರಲ್ಲಿ ಮಾಡಿದ ಎರಡನೇ ಭಾಗ ಒಂದು ವಿಚಿತ್ರ ತಿರುವಿನಲ್ಲಿ ನಿಂತುಬಿಟ್ಟಿತ್ತು. ಮುಂದಿನ ಭಾಗಗಳನ್ನು ಬೇರೆಯವರು ಮಾಡಿದರು. ಗಿಲ್ಬರ್ಟ್ 2022ರಲ್ಲಿ ತಮ್ಮ ಹಳೆಯ ಜೊತೆಗಾರ ಡೇವ್ ಗ್ರಾಸ್‌ಮನ್ ಜೊತೆ ಮರಳಿದಾಗ ಆ ತಿರುವಿನಿಂದಲೇ ಕಥೆ ಎತ್ತಿಕೊಂಡರು. ಆದರೆ ಕಥೆ ಹೇಳುತ್ತಿರುವವನು ಈಗ ಅಪ್ಪ, ಕೇಳುತ್ತಿರುವವನು ಮಗ. ಅಪ್ಪ ಎಲ್ಲಿ ಉಪ್ಪುಖಾರ ಹಚ್ಚುತ್ತಿದ್ದಾನೆ, ಎಲ್ಲಿ ನಿಜ ಹೇಳುತ್ತಿದ್ದಾನೆ ಎಂಬುದು ಆಡುವವರಿಗೂ ಗೊತ್ತಾಗುವುದಿಲ್ಲ. ಹಳೆಯ ನೆನಪಿನ ಹಿಂದೆ ಓಡಿಬಂದವರಿಗೆ ನೆನಪು ಎಷ್ಟು ನಂಬಿಕಸ್ಥ ಎಂಬುದನ್ನೇ ಒಗಟಾಗಿ ಕೊಟ್ಟದ್ದು ಭಲೇ ತುಂಟತನ. ರೆಕ್ಸ್ ಕ್ರೌಲ್ ಅವರ ಚೂಪು ಮೂಲೆಗಳ ಚಿತ್ರಶೈಲಿ ಕಂಡು ಕೆಲವು ಅಭಿಮಾನಿಗಳು ಆಟ ಬರುವ ಮೊದಲೇ ರೇಗಾಡಿದರು. ಹಳೆಯ ಚುಕ್ಕಿ ಚುಕ್ಕಿ ಚಿತ್ರವೇ ಬೇಕಿತ್ತಂತೆ. ಅದು 1990ರ ಕಂಪ್ಯೂಟರಿನ ಬಡತನದಿಂದ ಹುಟ್ಟಿದ್ದು ಎಂಬುದನ್ನು ಅವರು ಮರೆತಿದ್ದರು.

‘ಬಿಯಾಂಡ್ ಎ ಸ್ಟೀಲ್ ಸ್ಕೈ’ನಲ್ಲಿ ಕೊರತೆಯಿಲ್ಲ ಎನ್ನಲಾರೆ. ಬಿಡುಗಡೆಯ ಹೊತ್ತಿಗೆ ದೋಷಗಳು ಸಾಕಷ್ಟಿದ್ದವು. ಮುಖಗಳು ಮರದ ಗೊಂಬೆಯಂತೆ ಬಿಗಿ, ಕೆಲವು ಒಗಟುಗಳಿಗೆ ಊರಿನ ಈ ತುದಿಯಿಂದ ಆ ತುದಿಗೆ ಸುಮ್ಮನೆ ಅಲೆಯಬೇಕು. ಆದರೂ ಗಿಬ್ಬನ್ಸ್ ಕೈಯ ಗೆರೆಗಳ ಗುಣ ಮೂರು ಆಯಾಮದ ಚಿತ್ರಕ್ಕೂ ಇಳಿದಿದೆ, ಜೋಯಿಯ ನಾಲಿಗೆಯೂ ಮೊಂಡಾಗಿಲ್ಲ.

ಹಳೆಯ ಪಾತ್ರಗಳ ಹಂಗೇ ಬೇಡವೆಂದವರೂ ಇದ್ದಾರೆ. ಮೆಲ್ಬರ್ನ್‌ನ ಪವರ್‌ಹೂಫ್ ಎಂಬ ಪುಟ್ಟ ತಂಡ 2025ರ ಜುಲೈನಲ್ಲಿ ತಂದ ‘ದಿ ಡ್ರಿಫ್ಟರ್’ ಯಾವುದರ ಮುಂದುವರಿಕೆಯೂ ಅಲ್ಲ. ಆದರೆ ಚುಕ್ಕಿ ಚಿತ್ರ, ಜೇಬು ತುಂಬ ವಸ್ತು, ಒಗಟು, ಎಲ್ಲ ಹಳೆಯ ಮನೆತನದ್ದೇ. ಮಿಕ್ ಕಾರ್ಟರ್ ಎಂಬ ಅಲೆಮಾರಿ ಊರಿಗೆ ಮರಳುವ ದಾರಿಯಲ್ಲಿ ಒಂದು ಕೊಲೆಯನ್ನು ಕಾಣುತ್ತಾನೆ, ತಾನೂ ಸಾಯುತ್ತಾನೆ, ಸಾಯುವುದಕ್ಕೆ ಕೆಲವೇ ಕ್ಷಣ ಮುಂಚೆ ಮತ್ತೆ ಕಣ್ಣು ಬಿಡುತ್ತಾನೆ. ನಿಧಾನದ ಆಟ ಎಂದೇ ಹೆಸರಾದ ಪ್ರಕಾರಕ್ಕೆ ಇದು ಏದುಸಿರು ತರಿಸುವ ವೇಗ ಕೊಟ್ಟಿದೆ.

ಕುತೂಹಲ ಹುಟ್ಟಿದವರು 1994ರ ಆಟದಿಂದಲೇ ಶುರು ಮಾಡಿ. ರೆವಲ್ಯೂಷನ್ ಅದನ್ನು 2003ರಲ್ಲಿ ಉಚಿತವಾಗಿ ಬಿಟ್ಟುಕೊಟ್ಟಿದೆ. ಸ್ಕಮ್‌ವಿಎಂ ಎಂಬ ತಂತ್ರಾಂಶ ಹಾಕಿಕೊಂಡರೆ ಈಗಿನ ಯಾವ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸಿಕ್ಕಿಹಾಕಿಕೊಂಡಾಗ ಸುಳಿವು ನೋಡಲು ನಾಚಿಕೆ ಬೇಡ. ಎರಡನೇ ಆಟದಲ್ಲಂತೂ ಸುಳಿವು ಆಟದೊಳಗೇ ಇದೆ, ಒಂದೊಂದೇ ಹೆಜ್ಜೆಯಾಗಿ. ಮೊದಲನೆಯದನ್ನು ಆಡದೆಯೂ ಅದು ಅರ್ಥವಾಗುತ್ತದೆ. ಆದರೆ ಜೋಯಿಯ ಕೈಗೆ ಊರನ್ನು ಒಪ್ಪಿಸಿ ಬಂದವರು ನೀವೇ ಆಗಿದ್ದರೆ ಆಡುವ ಮಜವೇ ಬೇರೆ.