ಮನೆ ಬದಲಾಯಿಸಿದರೆ ದಾರಿ ಬದಲಾಗುವುದೆ?

‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಹಳ್ಳಿಯಲ್ಲಿ ಬಾಳು ನಡೆಯದವನಿಗೆ ಪಟ್ಟಣದಲ್ಲಿ ಏನಾದರೊಂದು ದಾರಿ ಸಿಕ್ಕೀತು ಎಂಬುದು ಅದರ ಅಭಿಪ್ರಾಯ. ಈಗ ಬೆಂಗಳೂರಿನ ಅನೇಕ ಮನೆಗಳಲ್ಲಿ ಇದಕ್ಕೆ ತಿರುಗುಮುರುಗಾದ ಮಾತು ಕೇಳಿಬರುತ್ತಿದೆ. “ಈ ವಾಹನಗಳ ಗದ್ದಲ ಸಾಕು; ಈ ಬಾಡಿಗೆ ತೆರಲಾರೆವು; ಮೈಸೂರಿಗೋ ತುಮಕೂರಿಗೋ, ಅದೂ ಆಗದಿದ್ದರೆ ಊರಾಚೆಯ ಯಾವುದಾದರೂ ಬಡಾವಣೆಗೋ ಹೋಗಿಬಿಡೋಣ” ಎನ್ನುವವರು ದಿನಕ್ಕೊಬ್ಬರಾದರೂ ಸಿಕ್ಕುತ್ತಾರೆ.

ಹೋದ ತಿಂಗಳು ನನ್ನ ಸೋದರಳಿಯನೂ ಇದೇ ಯೋಚನೆ ಹೊತ್ತುಕೊಂಡು ಬಂದ. “ಮಾವ, ತುಮಕೂರಿನಲ್ಲಿ ಒಂದು ಮನೆ ನೋಡಿಕೊಂಡು ಬಂದಿದ್ದೇವೆ. ಇಲ್ಲಿಯ ಬಾಡಿಗೆಯ ಅರ್ಧಕ್ಕೆ ಇದರ ಎರಡರಷ್ಟು ಮನೆ. ನೀವೇನು ಹೇಳುತ್ತೀರಿ?” ಎಂದು ಕೇಳಿದ. ಒಂದೇ ಮಾತಿನಲ್ಲಿ ಹೌದೆಂದೋ ಅಲ್ಲವೆಂದೋ ಹೇಳಲು ನನ್ನಿಂದಾಗಲಿಲ್ಲ. ಈ ಪ್ರಯೋಗವನ್ನು ನಾನೇ ಒಮ್ಮೆ ಮಾಡಿ ಕೈ ಸುಟ್ಟುಕೊಂಡವನು. ಆ ದಿನ ಅವನಿಗೆ ಹೇಳಿದ್ದನ್ನೇ ಸ್ವಲ್ಪ ಕ್ರಮವಾಗಿ ಇಲ್ಲಿ ಬರೆಯುತ್ತೇನೆ.

ಇಕ್ಕಟ್ಟಿಗೆ ಬೇಸತ್ತು ಹೊರಗೆ ಹೋಗುವುದು ಬೆಂಗಳೂರಿಗೆ ಹೊಸತಲ್ಲ. 1898ರಲ್ಲಿ ಇಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗಾಳಿ ಬೆಳಕು ಕಾಣದ ಪೇಟೆಯ ಓಣಿಗಳಲ್ಲಿ ಬೇನೆ ಬೇಗ ಹರಡಿತು. ಬಸವನಗುಡಿ, ಮಲ್ಲೇಶ್ವರಗಳು ಜನವಸತಿಯಾಗಿ ಬೆಳೆದದ್ದು ಆ ಕಾಲದಲ್ಲಿ. ನೇರವಾದ ಬೀದಿಗಳು, ಮನೆಯ ಸುತ್ತ ಒಂದಿಷ್ಟು ಬಯಲು, ಹಿಂದೆ ಕಸ ಸಾಗಿಸಲು ಓಣಿ, ಇವೆಲ್ಲ ಅಲ್ಲಿ ಉಂಟಾದವು. ಹಾಗೆ ಹೋದವರು ಸುಖಪಟ್ಟರು. ಅದಕ್ಕೆ ಕಾರಣ ಒಳ್ಳೆಯ ಗಾಳಿಯೊಂದೇ ಅಲ್ಲ. ಬಸವನಗುಡಿಯಿಂದ ಚಿಕ್ಕಪೇಟೆಗೆ ಎರಡು ಮೈಲಿಯ ಆಸುಪಾಸು. ಅಂಗಡಿಯವನು ಬೆಳಿಗ್ಗೆ ನಡೆದುಕೊಂಡು ಹೋಗಿ ಸಂಜೆ ನಡೆದುಕೊಂಡೇ ಬರಬಹುದಿತ್ತು. ಮನೆ ಹೊರಗೆ ಹೋಯಿತು. ಬದುಕು ಕೈಗೆಟುಕುವಷ್ಟು ಹತ್ತಿರದಲ್ಲೇ ಉಳಿಯಿತು.

ಆಗ ದಂಡು ಪ್ರದೇಶವನ್ನೂ ಸೇರಿಸಿ ಬೆಂಗಳೂರಿನ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರ. 1951ರಲ್ಲಿ ಅದು 8 ಲಕ್ಷಕ್ಕೆ ಸಮೀಪವಾಯಿತು. 2011ರ ಗಣತಿಯಲ್ಲಿ ಮಹಾನಗರ ಪಾಲಿಕೆಯ ಎಲ್ಲೆಯೊಳಗೆ 84 ಲಕ್ಷ. ಈಗ ಇಲ್ಲಿ ನೋಂದಣಿಯಾದ ವಾಹನಗಳೇ ಒಂದು ಕೋಟಿಯನ್ನು ದಾಟಿವೆ. 1948ರಲ್ಲಿ ಶಂಕುಸ್ಥಾಪನೆಯಾದಾಗ ಊರಾಚೆ ಇದ್ದ ಜಯನಗರ ಇಂದು ಊರಿನ ನಡುವೆ ಇದೆ. ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಯಿತು. ಎಂದರೆ ಗಂಟೆಗೆ ಸುಮಾರು 20 ಕಿಲೋಮೀಟರು. ಹುರುಪಿನಿಂದ ಸೈಕಲ್ ತುಳಿಯುವವನ ವೇಗ ಅಷ್ಟೆ. ಇದು ಸರಾಸರಿಯ ಮಾತು. ಬೆಳಿಗ್ಗೆ ಒಂಬತ್ತು ಗಂಟೆಗೆ ರೇಷ್ಮೆ ಮಂಡಳಿಯ ವೃತ್ತದಲ್ಲಿ ನಿಂತವರಿಗೆ ಸರಾಸರಿಯಿಂದ ಸಮಾಧಾನ ದೊರೆಯದು.

ಹಾಗಾದರೆ ಊರ ನಡುವೆ ಬಾಡಿಗೆ ಏಕೆ ಹೆಚ್ಚು, ಅಂಚಿನಲ್ಲಿ ಏಕೆ ಕಡಿಮೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಜರ್ಮನಿಯ ಜಮೀನುದಾರ ಫಾನ್ ಥ್ಯೂನೆನ್ ಮೊದಲಿಗರ ಸಾಲಿನವನು. 1826ರಲ್ಲಿ ಅವನು ಬರೆದ ಗ್ರಂಥದ ಸಾರಾಂಶ ಇಷ್ಟು: ಪಟ್ಟಣಕ್ಕೆ ಹತ್ತಿರದ ನೆಲದಿಂದ ಸರಕು ಸಾಗಿಸುವ ಖರ್ಚು ಕಡಿಮೆ; ಆದುದರಿಂದ ಆ ನೆಲದ ಗೇಣಿ ಹೆಚ್ಚು. ದೂರ ಹೋದಂತೆ ಸಾಗಾಣಿಕೆಯ ಖರ್ಚು ಏರುತ್ತದೆ, ಗೇಣಿ ಇಳಿಯುತ್ತದೆ. ಹಾಲು ತರಕಾರಿಗಳು ಊರ ಮಗ್ಗುಲಲ್ಲಿ, ದವಸ ಅದರಾಚೆ, ದನ ಮೇಯಿಸುವುದು ಎಲ್ಲಕ್ಕಿಂತ ಹೊರಗೆ. ಅಮೆರಿಕದ ವಿಲಿಯಂ ಅಲೊನ್ಸೊ 1964ರಲ್ಲಿ ಇದೇ ತತ್ತ್ವವನ್ನು ಮನೆಗಳಿಗೆ ಅನ್ವಯಿಸಿ ತೋರಿಸಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಾಡಿಗೆ ಮತ್ತು ಪ್ರಯಾಣ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಅಂಚಿನ ಮನೆಯ ಯಜಮಾನ ಉದಾರಿಯೆಂದು ಅಲ್ಲಿ ಬಾಡಿಗೆ ಕಡಿಮೆಯಲ್ಲ. ಮಿಕ್ಕದ್ದನ್ನು ನೀವು ದಾರಿಯಲ್ಲಿ ತೆರುತ್ತೀರಿ.

“ದಾರಿ ಅಗಲವಾಗುತ್ತಿದೆಯಲ್ಲ, ಮೇಲುಸೇತುವೆ ಬರುತ್ತಿದೆಯಲ್ಲ” ಎಂದು ಕೇಳುವುದುಂಟು. 1962ರಲ್ಲಿ ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ವಿಚಾರಮಾಡಿ, ದಟ್ಟಣೆಯ ವೇಳೆಯಲ್ಲಿ ಹೆದ್ದಾರಿ ಎಷ್ಟು ದೊಡ್ಡದಾದರೂ ಅಷ್ಟಕ್ಕೂ ವಾಹನಗಳು ತುಂಬಿಕೊಳ್ಳುತ್ತವೆ ಎಂದು ತೋರಿಸಿದ. ರಸ್ತೆ ಅಗಲವಾದೊಡನೆ, ಹಿಂದೆ ಬೇರೆ ದಾರಿಯಲ್ಲಿ ಹೋಗುತ್ತಿದ್ದವರು ಅಲ್ಲಿಗೆ ಬರುತ್ತಾರೆ. ದಟ್ಟಣೆಗೆ ಹೆದರಿ ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು ಅದೇ ಹೊತ್ತಿಗೆ ಹೊರಡುತ್ತಾರೆ. ಬಸ್ಸು ರೈಲುಗಳಲ್ಲಿ ಹೋಗುತ್ತಿದ್ದವರೂ ಸ್ವಂತ ಗಾಡಿ ತೆಗೆಯುತ್ತಾರೆ. ನಮ್ಮ ಹೊರವರ್ತುಲ ರಸ್ತೆಯೇ ಇದಕ್ಕೆ ನಿದರ್ಶನ. 1990ರ ದಶಕದಲ್ಲಿ ಅದರ ಕೆಲಸ ನಡೆದಾಗ, ಲಾರಿಗಳು ಊರೊಳಗೆ ಬಾರದೆ ಸುತ್ತಿಕೊಂಡು ಹೋಗಲಿ ಎಂಬುದು ಉದ್ದೇಶ. ಮುಂದೆ ಅದರ ಎರಡು ಬದಿಗೂ ಕಚೇರಿಗಳು ಎದ್ದವು. ಇಂದು ಬೆಂಗಳೂರಿನ ಅತಿ ದಟ್ಟವಾದ ರಸ್ತೆಗಳಲ್ಲಿ ಅದೂ ಒಂದು. ಇನ್ನೊಂದು ಮಾತನ್ನೂ ಮರೆಯಬಾರದು. ದಟ್ಟಣೆಗೆ ಹೆದರಿ ಹೊರಗೆ ಹೋದವನ ಕೆಲಸ ಒಳಗೇ ಉಳಿದರೆ, ಮಾರನೆಯ ಬೆಳಿಗ್ಗೆ ಅವನೇ ದಟ್ಟಣೆಯಾಗಿ ಒಳಗೆ ಬರುತ್ತಾನೆ.

ನನ್ನ ಕಥೆಯೂ ಇದೇ. ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಶಾಲೆಗೆ ಕಾಲು ಗಂಟೆಯ ನಡಿಗೆ. ಬಾಡಿಗೆ ಏರುತ್ತ ಹೋಯಿತು. ಬೀದಿಯ ಹೊಗೆ ಧೂಳುಗಳಿಂದ ಮನೆಯಾಕೆಗೆ ಕೆಮ್ಮು ನಿಲ್ಲದಾಯಿತು. ಊರ ಪಡುವಣ ಅಂಚಿನಲ್ಲಿ ಹೊಸ ಮನೆ ಸಿಕ್ಕಿತು. ತಿಂಗಳಿಗೆ ಎರಡು ಸಾವಿರ ರೂಪಾಯಿ ಉಳಿತಾಯ, ಮುಂದೆ ಹೂವಿನ ಗಿಡಕ್ಕೆ ಜಾಗ. ಭಾನುವಾರ ಹೋಗಿ ನೋಡಿದೆವು, ಒಪ್ಪಿದೆವು. ಶಾಲೆ ಮಾತ್ರ ಇದ್ದಲ್ಲೇ ಇತ್ತು. ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಎರಡು ಬಸ್ಸು ಹಿಡಿದು ಬರಬೇಕು. ದಿನಕ್ಕೆ ಅರ್ಧ ಗಂಟೆಯಾಗಿದ್ದ ಓಡಾಟ ಮೂರು ಗಂಟೆಯಾಯಿತು.

ನಮ್ಮ ತಂದೆಯವರಿಗೆ ಆಗ ಕಣ್ಣು ಮಂಜಾಗಿತ್ತು. ಸಂಜೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಮುಗಿದ ಮೇಲೆ ನಾನು ಅರ್ಧ ಗಂಟೆ ಅವರಿಗೆ ಕಾವ್ಯ ಓದಿ ಹೇಳುವುದು ವಠಾರದಲ್ಲಿದ್ದಾಗಿನ ರೂಢಿ. ಹೊಸ ಮನೆಯಲ್ಲಿ ಸಮಾಚಾರ ಮುಗಿದರೂ ನಾನು ಬಸ್ಸಿನಲ್ಲೇ ಇರುತ್ತಿದ್ದೆ. ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವರು ಊಟ ಮುಗಿಸಿ ಮಲಗಿರುತ್ತಿದ್ದರು. “ಬಸ್ಸು ಸಿಕ್ಕಲಿಲ್ಲವೇನೋ” ಎಂದು ಕೇಳುತ್ತಿದ್ದರೇ ಹೊರತು ಒಂದು ದಿನವೂ ಬೇಸರದ ಮಾತಾಡಲಿಲ್ಲ. ರಜೆ ಬಂದಾಗ ಓದೋಣ ಎಂದುಕೊಂಡೆವು. ಮೂರನೆಯ ವರ್ಷ ಅವರು ತೀರಿಕೊಂಡರು. ಆಮೇಲೆ ಪುಸ್ತಕ ತೆಗೆದು ನೋಡಿದಾಗ ಒಂದು ಸಂಧಿಯ ನಡುವೆ ಗುರುತಿಗೆಂದು ಇಟ್ಟಿದ್ದ ಬಸ್ ಟಿಕೇಟು ಹಾಗೆಯೇ ಇತ್ತು.

ಲೆಕ್ಕವನ್ನು ಆಗ ಮಾಡಿದೆ, ಮೊದಲೇ ಮಾಡಬೇಕಾಗಿತ್ತು. ದಿನಕ್ಕೆ ಹೆಚ್ಚಾಗಿ ಕಳೆದದ್ದು ಎರಡೂವರೆ ಗಂಟೆ. ತಿಂಗಳಿಗೆ 25 ದಿನವೆಂದರೆ 62 ಗಂಟೆಗೂ ಮಿಗಿಲು. ಉಳಿದದ್ದು 2,000 ರೂಪಾಯಿ. ಗಂಟೆಗೆ ಮೂವತ್ತೆರಡು ರೂಪಾಯಿಯಂತೆ ನನ್ನ ಸಂಜೆಗಳನ್ನು ಮಾರಿದ್ದೆ. ಬಸ್ಸಿನ ಖರ್ಚು ಕಳೆದರೆ ಅಷ್ಟೂ ಇಲ್ಲ.

ನನ್ನೊಬ್ಬನದೇ ತಪ್ಪೆಣಿಕೆ ಇದಲ್ಲವೆಂದು ಮುಂದೆ ತಿಳಿಯಿತು. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಸ್ಟುಟ್ಸರ್ ಮತ್ತು ಫ್ರೈ ಎಂಬುವರು ಜರ್ಮನಿಯ ಕುಟುಂಬಗಳ ವಿವರಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಲೇಖನ ಪ್ರಕಟಿಸಿದರು. ದೂರ ಓಡಾಡುವವರಿಗೆ ಅಗ್ಗದ ಮನೆಯಿಂದಲೋ ಹೆಚ್ಚಿನ ಸಂಬಳದಿಂದಲೋ ನಷ್ಟ ತುಂಬಿಬರುವುದಾದರೆ ಅವರೂ ಇತರರಷ್ಟೇ ತೃಪ್ತರಾಗಿರಬೇಕಲ್ಲವೆ? ಹಾಗಿರಲಿಲ್ಲ. ದಾರಿ ಉದ್ದವಾದಷ್ಟೂ ತೃಪ್ತಿ ಕಡಿಮೆಯಾಗಿತ್ತು. ನನಗೆ ತೋರುವ ಕಾರಣ ಇದು: ದೊಡ್ಡ ಮನೆ ಆರು ತಿಂಗಳಲ್ಲಿ ರೂಢಿಯಾಗಿಬಿಡುತ್ತದೆ. ದಟ್ಟಣೆ ದಿನಕ್ಕೊಂದು ಬಗೆ, ಅದು ರೂಢಿಯಾಗುವುದಿಲ್ಲ.

ಹಾಗಾದರೆ ಊರು ಬಿಡುವುದೇ ತಪ್ಪೆ? ಖಂಡಿತ ಅಲ್ಲ. ಮನೆಯೊಂದನ್ನೇ ಬದಲಾಯಿಸುವುದು ಬೇರೆ, ಬಾಳನ್ನು ಬದಲಾಯಿಸುವುದು ಬೇರೆ. ಮೈಸೂರಿನ ಜನಸಂಖ್ಯೆ 2011ರಲ್ಲಿ ಸುಮಾರು 9 ಲಕ್ಷ; ಎಂದರೆ 1951ರ ಬೆಂಗಳೂರಿಗೆ ಹತ್ತಿರ. ಕೆಲಸ, ಮಕ್ಕಳ ಶಾಲೆ, ವೈದ್ಯರು, ಮಾರುಕಟ್ಟೆ ಎಲ್ಲವೂ ಅಲ್ಲಿಯೇ ಆದವರಿಗೆ ಸಂಜೆ ಮರಳಿ ಸಿಗುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಅನೇಕರು ಕಚೇರಿಯ ಕೆಲಸವನ್ನು ಮನೆಗೇ ತಂದುಕೊಂಡು ಹುಟ್ಟೂರಿಗೆ ಹೋದರು. ಅವರ ಸುಖಕ್ಕೂ ಕಾರಣ ಅದೇ. ಮುಂದೆ ಕಚೇರಿಗಳು ಮರಳಿ ಕರೆದಾಗ ಅವರಲ್ಲಿ ಹಲವರು ಪೆಟ್ಟಿಗೆ ಕಟ್ಟಿಕೊಂಡು ಬರಬೇಕಾಯಿತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿ ದೂರವನ್ನು ಹತ್ತಿರ ಮಾಡಿದೆ, ನಿಜ. ಆದರೆ ಅದು ಬೆಂಗಳೂರಿನ ಅಂಚಿಗೆ ತಂದು ಬಿಡುತ್ತದೆ. ಅಲ್ಲಿಂದ ಕಚೇರಿಯವರೆಗಿನದು ಹಳೆಯ ದಾರಿಯೇ. ವಾರಕ್ಕೊಮ್ಮೆ ಹೋಗಿಬರುವವರಿಗೆ ಅದು ವರ. ದಿನವೂ ಹೋಗುವವರು ಸುಂಕವನ್ನೂ ಸಮಯವನ್ನೂ ಎಣಿಸಬೇಕು.

ಮನೆ ಬದಲಾಯಿಸಲು ಹೊರಟವರು ನಾಲ್ಕು ಸಂಗತಿಗಳನ್ನು ಪರೀಕ್ಷಿಸುವುದು ಒಳ್ಳೆಯದು.

ಮೊದಲನೆಯದು, ಮನೆಯ ಪ್ರತಿಯೊಬ್ಬರೂ ವಾರದಲ್ಲಿ ಎಲ್ಲೆಲ್ಲಿಗೆ ಎಷ್ಟು ಸಲ ಹೋಗುತ್ತಾರೆಂದು ಒಂದು ಕಾಗದದಲ್ಲಿ ಬರೆಯಿರಿ. ಸಂಪಾದಿಸುವವರ ಕಚೇರಿಯನ್ನು ಬರೆದು ಮುಗಿಸಬೇಡಿ. ಮಗುವಿನ ಶಾಲೆ, ಅಜ್ಜಿಯ ದೇವಸ್ಥಾನ, ಗೃಹಿಣಿಯ ತವರುಮನೆ ಇವೂ ಅದರಲ್ಲಿ ಇರಬೇಕು. ದೂರವನ್ನು ಅಳೆಯಬೇಕಾದದ್ದು ಊರಿನಿಂದಲ್ಲ, ಈ ಪಟ್ಟಿಯಿಂದ.

ಎರಡನೆಯದು, ಭಾನುವಾರ ಹೋಗಿ ಮನೆ ನೋಡಿ ಬಂದು ನಿರ್ಧರಿಸಬೇಡಿ. ಸೋಮವಾರ ಬೆಳಿಗ್ಗೆ ಅದೇ ಮನೆಯ ಬಾಗಿಲಿನಿಂದ ಹೊರಟು ಕಚೇರಿ ಮುಟ್ಟಿ ನೋಡಿ. ಸಾಧ್ಯವಾದರೆ ಮಳೆ ಬಂದ ಸಂಜೆ ಹಿಂತಿರುಗಿ ನೋಡಿ.

ಮೂರನೆಯದು, ನೀರು ಎಲ್ಲಿಂದ ಬರುತ್ತದೆಂದು ಕೇಳಿ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಆ ವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಅಂಚಿನ ಬಡಾವಣೆಗಳು ಟ್ಯಾಂಕರಿನವರು ಹೇಳಿದ ಬೆಲೆ ತೆತ್ತವು. ಬಾಡಿಗೆಯಲ್ಲಿ ಉಳಿದದ್ದು ನೀರಿನಲ್ಲಿ ಹೋಗಬಾರದು.

ನಾಲ್ಕನೆಯದು, ಉಳಿಯುವ ಹಣವನ್ನು ಹೆಚ್ಚಾಗಿ ಕಳೆಯುವ ಗಂಟೆಗಳಿಂದ ಭಾಗಿಸಿ. ಪೆಟ್ರೋಲು, ಟಿಕೇಟು, ಸಾಮಾನು ಸಾಗಿಸುವ ಕೂಲಿ, ಮನೆಯ ಮುಂಗಡ ಎಲ್ಲವನ್ನೂ ಮೊದಲೇ ಕಳೆದಿರಬೇಕು. ಬರುವ ಅಂಕಿಯೇ ನಿಮ್ಮ ಒಂದು ಗಂಟೆಗೆ ನೀವು ಕಟ್ಟುವ ಬೆಲೆ. ಅದು ಒಪ್ಪಿಗೆಯಾದರೆ ಧಾರಾಳವಾಗಿ ಹೋಗಿ.

ಬಾಡಿಗೆ ತೆರಲಾರದೆ ಬೇರೆ ದಾರಿಯೇ ಇಲ್ಲದವರು ಬಹಳ ಜನ ಉಂಟು. ಅವರಿಗೆ ಈ ಲೆಕ್ಕ ಹೇಳುವುದು ಗಾಯಕ್ಕೆ ಉಪ್ಪು ಸವರಿದಂತೆ. ಅವರಿಗೆ ಬೇಕಾದದ್ದು ಸರಿಯಾದ ಹೊತ್ತಿಗೆ ಬರುವ ಬಸ್ಸು, ರೈಲು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ಮೊದಲು ಓಡಿದ ಮೆಟ್ರೋ, 2023ರಲ್ಲಿ ವೈಟ್‌ಫೀಲ್ಡನ್ನೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಮುಟ್ಟಿದೆ. ನಿಲ್ದಾಣಕ್ಕೆ ನಡೆದುಹೋಗುವಷ್ಟು ಸಮೀಪದ ಮನೆಯಾದರೆ ಎಷ್ಟು ಹೊತ್ತಿಗೆ ತಲಪುತ್ತೇವೆಂಬುದಾದರೂ ಗೊತ್ತಿರುತ್ತದೆ. ನಿಲ್ದಾಣಗಳ ಹತ್ತಿರ ಬಾಡಿಗೆ ಏರುವುದೂ ಸಹಜ. ಮತ್ತೆ ಅದೇ ತಕ್ಕಡಿ.

ಸೋದರಳಿಯ ಇದನ್ನೆಲ್ಲ ಕೇಳಿ ಪಟ್ಟಿ ಬರೆದ. ಅವನ ತಾಯಿ, ನನ್ನ ತಂಗಿ, “ನನಗೆ ಡಾಕ್ಟರು ಹತ್ತಿರ ಇದ್ದರೆ ಸಾಕಪ್ಪ, ಮಿಕ್ಕದ್ದು ನೀವು ನೋಡಿಕೊಳ್ಳಿ” ಎಂದಳು. ಮುಂದಿನ ಸೋಮವಾರ ಅವನು ತುಮಕೂರಿನ ಆ ಮನೆಯ ಮುಂದಿನಿಂದ ಬೆಳಿಗ್ಗೆ ಆರೂವರೆಗೆ ಹೊರಟ. ಒಂಬತ್ತೂ ಮುಕ್ಕಾಲಿಗೆ ಕಚೇರಿಯಿಂದ ಫೋನು ಮಾಡಿ, “ಮಾವ, ಈಗ ಬಂದು ಕೂತೆ. ಭಾನುವಾರ ಎರಡು ಗಂಟೆಯೂ ಆಗಿರಲಿಲ್ಲ” ಎಂದ.

ಈಗ ಅವರು ಬೆಂಗಳೂರಿನಲ್ಲೇ, ಹೆಂಡತಿಯ ಕೆಲಸಕ್ಕೂ ಮಗುವಿನ ಶಾಲೆಗೂ ನಡೆದುಹೋಗುವಷ್ಟು ಹತ್ತಿರ, ಈಗಿನದಕ್ಕಿಂತ ಚಿಕ್ಕದೊಂದು ಮನೆ ಹುಡುಕುತ್ತಿದ್ದಾರೆ. ಅರ್ಧ ಸಾಮಾನು ಅದರೊಳಗೆ ಹಿಡಿಸಲಾರದು. ಮನೆ ಇನ್ನೂ ಸಿಕ್ಕಿಲ್ಲ.